ಪುರಾತತ್ವದ ಮೇಡಂ

ಮೊದಲ ದಿನ ಇತಿಹಾಸದ ಕ್ಲಾಸಿಗೆ ಬಂದವರೇ ಮೇಡಂ ನಮಗೆ ಬೈದರು. ಹಾಜರಿ ಕೂಗಲಿಲ್ಲ, ತಮ್ಮ ಹೆಸರು ಹೇಳಲಿಲ್ಲ, ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಹುಡುಗಿಯರ ಬೆಂಚುಗಳ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು.

"ಈ ಕಾಲೇಜಿನ್ಯಾಗ ಹುಡುಗ್ಯಾರ ಸಂಡಾಸ ಎಲ್ಲೈತಿ? ಯಾರಿಗರ ಗೊತ್ತೈತಿ?"

ಕಾಲೇಜು ಸುರುವಾಗಿ ಆಗಲೇ ವಾರ ಕಳೆದಿತ್ತು. ಯಾರಿಗೂ ಗೊತ್ತಿರಲಿಲ್ಲ. ನಾನು ಮೂಡಲಗಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಮನೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಕಲ್ಲೋಳಿಯಲ್ಲಿ ಅದೇ ಬಸ್ಸು ಹತ್ತುತ್ತಿದ್ದ ಸವಿತಾಳದೂ ಅದೇ ಕತೆ. ಇಬ್ಬರೂ ತಲೆ ತಗ್ಗಿಸಿದೆವು. ಹಿಂದಿನ ಬೆಂಚಿನಲ್ಲಿ ಹುಡುಗರು ಕಿಸಕ್ಕನೆ ನಕ್ಕರು.

"ನಗಬ್ಯಾಡ್ರಿ. ನಿಮ್ಮ ಅಕ್ಕ ತಂಗ್ಯಾರೂ ಹಿಂಗ ಹೊಟ್ಟಿ ಹಿಡಕೊಂಡ ಕುಂತಿರ್ತಾರ. ಮತ್ತ ನೀವು," ಎಂದು ನಮ್ಮ ಕಡೆ ಬೆರಳು ತೋರಿಸಿದರು, "ಒಂದ್ ವಾರ ಆತು, ಒಬ್ಬಾಕಿಗೂ ಕೇಳಾಕ ಬಾಯಿ ಬರಲಿಲ್ಲೇನು? ಮೂರು ವರ್ಷ ಹಿಂಗ ಕುಂಡ್ರಾವ್ರೇನು? ಏಳ್ರಿ!"

ಎಬ್ಬಿಸಿಕೊಂಡು ಕಟ್ಟಡದ ಹಿಂದಕ್ಕೆ ಕರೆದೊಯ್ದರು. ಅಲ್ಲಿ ಬಾಗಿಲಿತ್ತು, ಬಾಗಿಲಿಗೆ ಕೀಲಿ ಬಿದ್ದಿತ್ತು. ಕೀಲಿಕೈ ಆಫೀಸಿನ ಕಪಾಟಿನಲ್ಲಿತ್ತು, ತಪಾಸಣೆಗೆ ಬರುವ ಸಾಹೇಬರಿಗೆ ಸ್ವಚ್ಛ ಕಾಣಲಿ ಅಂತ ಜೋಪಾನ ಮಾಡಿದ್ದರಂತೆ! ಮೇಡಂ ಆಫೀಸಿನೊಳಗೆ ಹೋದರು. ಒಳಗಿನಿಂದ ಅವರ ದನಿಯಷ್ಟೇ ಕೇಳಿಸಿತು. ಹೊರಗೆ ಬಂದಾಗ ಕೀಲಿಕೈ ಅವರ ಕೈಯಲ್ಲಿತ್ತು. ಅವತ್ತಿನಿಂದ ಅದು ಲೇಡೀಸ್ ರೂಮಿನ ಮೊಳೆಗೆ ನೇತಾಡಿತು.

ಮೇಡಂ ಕಳೆದ ತಿಂಗಳು ಹುಕ್ಕೇರಿಯಲ್ಲಿ ತೀರಿಕೊಂಡರು. ಸುದ್ದಿ ಕೇಳಿದಾಗ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಸತ್ತವರ ಬಗ್ಗೆ ಬರೆಯುವಾಗ ಸಿಟ್ಟು ಬದಿಗಿಡಬೇಕು ಅನ್ನುತ್ತಾರೆ. ಇಟ್ಟು ನೋಡಿದೆ. ಉಳಿದದ್ದು ಯಾರೋ ಒಬ್ಬ ಸಭ್ಯ ಹೆಣ್ಣುಮಗಳ ಚಿತ್ರ, ಅದು ಮೇಡಂ ಅಲ್ಲ. ಹಾಗಾಗಿ ಸಿಟ್ಟನ್ನು ವಾಪಸು ತಂದುಕೊಂಡೇ ಬರೆಯುತ್ತಿದ್ದೇನೆ.

ಗೋಕಾಕದ ಆ ಕಾಲೇಜಿನಲ್ಲಿ ಅವರು ಅತಿಥಿ ಉಪನ್ಯಾಸಕಿ. ವರ್ಷಕ್ಕೊಮ್ಮೆ ಕರೆಯುವುದು, ಮಾರ್ಚಿ ಏಪ್ರಿಲ್ ಬಂದರೆ ಮರೆತುಬಿಡುವುದು, ಮತ್ತೆ ಜೂನಿನಲ್ಲಿ ಕರೆಯುವುದು, ಇದು ಅವರ ನೌಕರಿ. ಸ್ವಲ್ಪ ಇತಿಹಾಸ ಹೇಳುತ್ತಿದ್ದರು, ಹೆಚ್ಚಾಗಿ ಪುರಾತತ್ವ. ದಿನಾ ಹುಕ್ಕೇರಿಯಿಂದ ಬಸ್ಸಿಗೆ ಬರುವರು. ಬಸ್ಸು ಕೈಕೊಟ್ಟ ದಿನ ಘಟಪ್ರಭೆಯಲ್ಲಿ ಇಳಿದು ಟೆಂಪೋ ಹಿಡಿದು, ಧೂಳು ಮೆತ್ತಿದ ಮುಖದಲ್ಲೇ ಕ್ಲಾಸಿಗೆ ನುಗ್ಗುವರು. ಗಿಡ್ಡ ಆಳು, ದೊಡ್ಡ ದನಿ. ಜಗಳಕ್ಕೆ ಹೊರಡುವ ಮುನ್ನ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸುವುದು ರೂಢಿ. ಅವರು ಸೆರಗಿಗೆ ಕೈ ಹಾಕಿದರೆ ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರೇ ಚಹಾ ಕುಡಿಯಲು ಎದ್ದು ಹೋಗುತ್ತಿದ್ದರಂತೆ.

ನಮ್ಮನ್ನು ಯಾರೂ ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ ಎನ್ನುವುದನ್ನು ಇಲ್ಲಿ ಹೇಳಬೇಕು. ಸೈನ್ಸಿನವರಿಗೆ ಲ್ಯಾಬು, ಕಾಮರ್ಸಿನವರಿಗೆ ಹೊಸ ಬೆಂಚು, ಆರ್ಟ್ಸಿನವರಿಗೆ ಉಳಿದಿದ್ದು. "ಬಿ.ಎ. ಏನ, ಮದಿವಿ ಆಗೂ ಮಟ ಟೈಂಪಾಸ್" ಎಂದು ನಮ್ಮೆದುರೇ ಅನ್ನುತ್ತಿದ್ದರು. ನಾವೂ ನಗುತ್ತಿದ್ದೆವು. ನೋಟಿಸ್ ಬೋರ್ಡು ಗ್ರಿಲ್ಲಿನ ಒಳಗೆ, ಗ್ರಿಲ್ಲಿಗೆ ಬೀಗ. ದೂರದಿಂದ ಅಕ್ಷರ ಕಾಣುತ್ತಿರಲಿಲ್ಲ. ಅರ್ಜಿಯ ಕೊನೆಯ ದಿನ ಕಳೆದ ಮೇಲೆ ಯಾರೋ ಹೇಳುವರು, "ಬೋರ್ಡಿಗೆ ಹಚ್ಚಿದ್ವೆಲ್ಲ, ನೋಡ್ಬೇಕಿತ್ತು."

ಇದನ್ನು ಕಂಡರೆ ಮೇಡಂ ಉರಿದು ಬೀಳುತ್ತಿದ್ದರು. ಪಾಠದ ನಡುವೆ, ಯಾವುದೋ ರಾಜಮನೆತನದ ಮಧ್ಯದಲ್ಲಿ, ಥಟ್ಟನೆ ನಿಲ್ಲಿಸಿ ಹೇಳುವರು. "ಮಳಿಗಾಲಕ್ಕ ಮೊದಲ ನಾಡಕಚೇರಿಗೆ ಹೋಗಿ ಜಾತಿ, ಆದಾಯದ ಸರ್ಟಿಫಿಕೇಟ್ ಮಾಡಿಸಿ ಇಟಗೋರಿ. ಸ್ಕಾಲರ್‌ಶಿಪ್ ಅರ್ಜಿ ಬಿಟ್ಟಮ್ಯಾಲ ಹೋದ್ರ ಪಾಳಿ ನಿಂತು ಸಾಯ್ತೀರಿ." ಇನ್ನೊಂದು ದಿನ, "ಜಡ್ಡಾಗಿ ಮಲಗಿದ್ರ ಡಾಕ್ಟರ ಚೀಟಿ ತರ್ರಿ. ಪರೀಕ್ಷಾ ಹೊತ್ತಿನ್ಯಾಗ ಹಾಜರಿ ಕಡಿಮಿ ಆತಂತ ನನ್ನ ಮುಂದ ಅಳಬ್ಯಾಡ್ರಿ." ಮತ್ತೊಂದು ದಿನ, "ನಂಬರ ಕಡಿಮಿ ಬಂದ್ರ ನಸೀಬ ಅಂತ ಕುಂಡ್ರಬ್ಯಾಡ್ರಿ. ನಿಮ್ಮ ಉತ್ತರಪತ್ರಿಕಾದ ಝೆರಾಕ್ಸ್ ಕೇಳೂ ಹಕ್ಕ ನಿಮಗೈತಿ." ಹೇಳುವುದು ಕೂಡ ಬೈದಂತೆಯೇ ಇರುತ್ತಿತ್ತು. ನಾವು ತಲೆಯಾಡಿಸಿ "ಹೂಂ ರಿ" ಅಂದರೆ ಇನ್ನೂ ಸಿಟ್ಟು.

"ಹೂಂ ಅನಬ್ಯಾಡ್ರಿ! ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ರಿ. ನಿಮ್ಮ ಹೂಂ ಮ್ಯಾಲ ಈ ಮಂದಿ ಬಂಗ್ಲೆ ಕಟ್ಟ್ಯಾರ."

ಆದರೆ ಪುರಾತತ್ವ ಹೇಳುವಾಗ ಅವರು ಬೇರೆಯೇ ಮನುಷ್ಯರು. ಒಮ್ಮೆ ಗೋಕಾಕ ಫಾಲ್ಸಿನ ಹತ್ತಿರದ ಹಳೆಯ ಗುಡಿಗೆ ನಮಗಿಂತ ಮೇಲಿನ ವರ್ಷದವರನ್ನು ಕರೆದೊಯ್ಯುವಾಗ ನಮ್ಮನ್ನೂ ಸೇರಿಸಿಕೊಂಡಿದ್ದರು. ಒಂದು ಕಲ್ಲಿನ ಮುಂದೆ ಕೂತು, ಕರ್ಚೀಫಿನಿಂದ ಧೂಳು ಒರೆಸಿ, ಅದರ ಮೇಲೆ ಬೆರಳಾಡಿಸುತ್ತ ಮೆಲ್ಲಗೆ ಮಾತಾಡಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಮತ್ತೆ ಕೇಳಲಿಲ್ಲ. ಹುಕ್ಕೇರಿಯ ಗುಮ್ಮಟದ ನೆರಳಲ್ಲಿ ಆಡಿ ಬೆಳೆದವರು. "ಇದನ್ನ ಯಾರು ಕಟ್ಟಿದ್ರು ಅಂತ ನಮ್ಮಪ್ಪಗ ಕೇಳಿದ್ದೆ. ಮದ್ಲಿನವರು ಕಟ್ಟ್ಯಾರ ತಗೋ ಅಂದ. ಮದ್ಲಿನವರು ಅಂದ್ರ ಯಾರು ಅಂತ ತಿಳಕೊಳ್ಳಾಕ ಧಾರವಾಡಕ್ಕ ಹೋದೆ," ಎಂದರು. ಮನೆಯಲ್ಲಿ ಗಂಡು ನೋಡಿದ್ದರಂತೆ. ಮದುವೆ ಬಿಟ್ಟು ಎಂ.ಎ. ಮಾಡಿದರು. ಅದಕ್ಕೆ ಅವರ ಅಣ್ಣ ಬಹಳ ದಿನ ಮಾತು ಬಿಟ್ಟಿದ್ದ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಪ್ರವೇಶದ ಹೊತ್ತಿನಲ್ಲಿ ನಾವು, ಅಂದರೆ ನಾನು, ಸವಿತಾ, ಇನ್ನೂ ಬಹಳ ಜನ, ಇತಿಹಾಸ ಮತ್ತು ಕನ್ನಡ ಬೇಕು ಅಂತ ಬರೆದು ಕೊಟ್ಟಿದ್ದೆವು. ಕ್ಲಾಸುಗಳು ಸರಿಯಾಗಿ ಸುರುವಾದಾಗ ನೋಡಿದರೆ ನಮ್ಮ ಹೆಸರು ಇತಿಹಾಸ ಮತ್ತು ಪುರಾತತ್ವದ ಹಾಜರಿಯಲ್ಲಿ ಇತ್ತು. ಆಫೀಸಿನ ಕಿಟಕಿಯಲ್ಲಿ ಕೇಳಿದರೆ, "ಕನ್ನಡ ಫುಲ್ ಆಗೈತಿ. ಯಾವುದಾದ್ರೂ ಒಂದ ಅಲ್ಲೇನು? ಕುಂಡ್ರು ಹೋಗ್," ಎಂದರು. ನಾವು ಹೋಗಿ ಕೂತೆವು.

ಮೇಡಂ ಪುರಾತತ್ವದ ಮೊದಲ ಕ್ಲಾಸಿಗೆ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಹಿಂದಿನ ವರ್ಷಗಳಲ್ಲಿ ಒಂದು ಬೆಂಚು ತುಂಬಿದರೆ ಹೆಚ್ಚಂತೆ. ಈಗ ಇಡೀ ಕೋಣೆ ತುಂಬಿತ್ತು. ಅವರ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಬ್ಬದ ದಿನ ಮನೆಗೆ ಬೀಗರು ಬಂದಂತೆ ಒಳಗೆ ಬಂದರು.

"ಇಷ್ಟ ಮಂದಿ ಪುರಾತತ್ವ ಯಾಕ ತಗೊಂಡ್ರಿ? ಹೇಳ್ರಿ, ಕೇಳೂಣು."

ಎರಡನೇ ಸಲ ಕೇಳಿದಾಗ ಸವಿತಾ ಎದ್ದಳು. ಅವಳು ಕ್ಲಾಸಿನಲ್ಲಿ ಬಾಯಿ ತೆರೆದದ್ದು ಅದೇ ಮೊದಲು.

"ನಾ ತಗೊಂಡಿಲ್ರಿ ಮೇಡಂ. ಅವರ ಹಾಕ್ಯಾರ."

"ಯಾರು?"

"ಆಫೀಸಿನವರ್ರಿ. ನಾ ಕನ್ನಡ ಬರದಿದ್ದೆ."

"ಮುಂದ ಏನ ಆಗಬೇಕಂತ ಮಾಡೀ ನೀ?"

"ಕನ್ನಡ ಟೀಚರ್ ರಿ. ಹೈಸ್ಕೂಲಿಗೆ."

ಮೇಡಂ ನಮಗೆ ಬೆನ್ನು ಮಾಡಿ ಬೋರ್ಡಿನ ಕಡೆ ತಿರುಗಿದರು. ಏನೋ ಬರೆಯುತ್ತಾರೆ ಎಂದುಕೊಂಡೆವು. ಬರೆಯಲಿಲ್ಲ. ಚಾಕ್‌ಪೀಸು ಹಿಡಿದ ಕೈ ಹಾಗೇ ನಿಂತಿತ್ತು. ಆಮೇಲೆ ತಿರುಗಿ, ಎಲ್ಲರನ್ನೂ ಒಬ್ಬೊಬ್ಬರಂತೆ ಕೇಳುತ್ತ ಹೋದರು. ನಿನಗೇನಾಗೂದೈತಿ? ನಿನಗೇನಾಗೂದೈತಿ? ಟೀಚರ್ ರಿ, ಟೀಚರ್ ರಿ, ಪೊಲೀಸ್ ರಿ, ಗೊತ್ತಿಲ್ರಿ, ಟೀಚರ್ ರಿ.

"ನೆಟ್ಟಗ ಕೇಳ್ರಿ," ಎಂದರು. "ಸಾಲಿ ಮಾಸ್ತರ ಆಗಬೇಕಂದ್ರ ಬಿ.ಎಡ್. ಆಗಬೇಕು. ಬಿ.ಎಡ್. ಆಗಬೇಕಂದ್ರ ಸಾಲ್ಯಾಗ ಕಲಸೂ ಎರಡ ವಿಷಯ ನಿಮ್ಮ ಡಿಗ್ರ್ಯಾಗ ಇರಬೇಕು. ಇತಿಹಾಸ ಒಂದಾತು. ಪುರಾತತ್ವ ಯಾವ ಸಾಲ್ಯಾಗ ಕಲಸ್ತಾರ? ಎಲ್ಲೂ ಇಲ್ಲ. ಇಲ್ಲಿ ಕುಂತ್ರ ಮೂರು ವರ್ಷ ಆದಮ್ಯಾಲ ಬಿ.ಎಡ್. ಕಾಲೇಜಿನ ಬಾಗಲದಾಗಿಂದ ನಿಮ್ಮನ್ನ ಹೊಳ್ಳಿ ಕಳಸ್ತಾರ. ಇದನ್ನ ಯಾರೂ ನಿಮಗ ಹೇಳಿಲ್ಲಲ್ಲ?"

ಇಲ್ಲ. ಯಾರೂ ಹೇಳಿರಲಿಲ್ಲ.

"ವಿಷಯ ಬದಲ ಮಾಡಾಕ ಇನ್ನೂ ಟೈಮ್ ಐತಿ. ಈ ವಾರ ಮುಗದ್ರ ಮುಗೀತು."

ಸೆರಗಿಗೆ ಕೈ ಹೋಯಿತು.

ಪ್ರಿನ್ಸಿಪಾಲರ ಕೋಣೆಗೆ ಸವಿತಾಳನ್ನೂ ನನ್ನನ್ನೂ ಕರೆದುಕೊಂಡು ಹೋದರು. ಉಳಿದವರು ಹೊರಗೆ ಪಡಸಾಲೆಯಲ್ಲಿ ನಿಂತರು. ಪ್ರಿನ್ಸಿಪಾಲರು ಮೃದು ಮಾತಿನ ಮನುಷ್ಯ. ಬಿಳಿ ಸಫಾರಿ, ಹಣೆಯಲ್ಲಿ ವಿಭೂತಿ. ಯಾರ ಮೇಲೂ ದನಿ ಎತ್ತಿದವರಲ್ಲ. ಊರಲ್ಲಿ ಅವರಿಗೆ ದೇವರಂಥ ಮನುಷ್ಯ ಎಂದು ಹೆಸರು. ಇಂಥವರ ಬಗ್ಗೆ ನನಗೆ ಅವತ್ತಿನಿಂದ ಭಯ.

"ಮೇಡಂ, ವಿದ್ಯಾರ್ಥಿಗಳ ಮುಂದ ಇದೆಲ್ಲ ಯಾಕ? ಕುಂಡ್ರ್ರಿ," ಎಂದರು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ಪುರಾತತ್ವಕ್ಕೆ ಹುಡುಗರು ಇಲ್ಲದಿದ್ದರೆ ವಿಷಯ ಮುಚ್ಚಬೇಕಾಗುತ್ತದೆ. ಮುಂದೆ ತಪಾಸಣೆ ಇದೆ. ಕಾಲೇಜಿನಲ್ಲಿ ಎಷ್ಟು ವಿಷಯ ನಡೆಯುತ್ತವೆ ಎಂದು ನೋಡುತ್ತಾರೆ. ಕಾಲೇಜಿನ ಮರ್ಯಾದೆಯ ಪ್ರಶ್ನೆ. ಅದಕ್ಕೆ ಸ್ವಲ್ಪ ಹೊಂದಿಸಿದ್ದೇವೆ.

"ಹೊಂದಿಸೀರಿ. ಈ ಹುಡುಗ್ಯಾರ ಜಲ್ಮ ಕೊಟ್ಟು ಹೊಂದಿಸೀರಿ."

"ಹಂಗ್ಯಾಕ ಅಂತೀರಿ? ಮತ್ತ ಒಂದ್ ಮಾತ." ದನಿ ಇನ್ನೂ ಮೃದುವಾಯಿತು. "ಪುರಾತತ್ವ ಹೋದ್ರ ನಿಮ್ಮ ತಾಸುಗಳ ಹೋಗತಾವ. ನಿಮ್ಮ ಹೊಟ್ಟಿ ಮ್ಯಾಲ ನೀವ ಹೊಡಕೊಳ್ಳಾಕತ್ತೀರಿ. ನಿಮ್ಮ ಸಲುವಾಗೂ ವಿಚಾರ ಮಾಡೇನಿ ನಾ."

ಆಗ ನನಗೆ ಅರ್ಥವಾಯಿತು. ನಮ್ಮನ್ನು ಅಲ್ಲಿ ಕೂಡಿಸಿದ್ದರಿಂದ ಯಾರಾದರೊಬ್ಬರಿಗೆ ಲಾಭ ಇದ್ದರೆ ಅದು ಮೇಡಮ್ಮರಿಗೇ. ನಾವು ಬಾಯಿ ಮುಚ್ಚಿಕೊಂಡು ಕೂತರೆ ಅವರ ನೌಕರಿ ಗಟ್ಟಿ. ಅವರು ಬಾಯಿ ಮುಚ್ಚಿಕೊಂಡರೂ ಅಷ್ಟೇ.

"ಅದು ನನ್ನ ಹೊಟ್ಟಿ ಸರ್. ಇವರದಲ್ಲ," ಎಂದರು ಮೇಡಂ.

"ನೀವು ಇಲ್ಲಿ ಅತಿಥಿ ಉಪನ್ಯಾಸಕರು ಮೇಡಂ. ಅತಿಥಿ ಹಂಗ ಇರ್ರಿ."

"ಅತಿಥಿಗೆ ಒಂದ್ ಕಪ್ ಚಾ ಆದ್ರೂ ಕೊಡ್ತಾರ್ರಿ ಸರ್. ಬೆಲ್ ಹೊಡೆದಾಗೊಮ್ಮೆ ಕ್ಲಾಸ ತುಂಬಾಕ ಕರಿಯೂದಿಲ್ಲ."

ಹೊರಗೆ ಬಂದು ಪಡಸಾಲೆಯಲ್ಲಿ ನಮ್ಮನ್ನೆಲ್ಲ ನೆಲಕ್ಕೆ ಕೂಡಿಸಿ ಅರ್ಜಿ ಬರೆಸಿದರು. ನಾನು "ನೀವ ಬರದು ಕೊಡ್ರಿ ಮೇಡಂ, ನಾವು ಸಹಿ ಮಾಡ್ತೇವಿ" ಎಂದದ್ದಕ್ಕೆ ಅಲ್ಲೂ ಬೈಗುಳ ಬಿತ್ತು. "ನಾ ಎಷ್ಟ ದಿನ ಬರದು ಕೊಡ್ಲಿ? ನಿನ್ನ ವಿಷಯ, ನಿನ್ನ ಕೈಯಾಗ ಪೆನ್ನ ಹಿಡಿ." ಕಿಟಕಿಯಲ್ಲಿ ಅರ್ಜಿ ತೆಗೆದುಕೊಂಡರು, ಆದರೆ ಮುಟ್ಟಿದ್ದಕ್ಕೆ ಸಹಿ ಹಾಕಿ ಕೊಡಲು ಒಪ್ಪಲಿಲ್ಲ. ಮೇಡಂ ಕಿಟಕಿಯ ಸರಳು ಹಿಡಿದು ನಿಂತರು. ಊಟದ ಹೊತ್ತು ಆಯಿತು, ಆಫೀಸಿನವರು ಡಬ್ಬಿ ಬಿಚ್ಚಿ ಉಂಡರು, ಕೈ ತೊಳೆದರು, ಮೇಡಂ ನಿಂತೇ ಇದ್ದರು. ನಾವೂ ಅವರ ಹಿಂದೆ ನಿಂತಿದ್ದೆವು. ಕೊನೆಗೆ ಸಹಿಯೂ ಬಿತ್ತು, ಕಾಲೇಜಿನ ಮೊಹರೂ ಬಿತ್ತು.

"ಬಾಯಿಲೆ ಹೇಳಿದ್ದು ಗಾಳಿಗೆ ಹೋಕ್ಕೈತಿ. ಇದನ್ನ ಇಟಗೋರಿ," ಎಂದು ನಮ್ಮ ಪ್ರತಿಗಳನ್ನು ನಮಗೆ ಕೊಟ್ಟರು.

ವಾರ ಮುಗಿಯುವುದರೊಳಗೆ ನಮಗೆಲ್ಲ ಕನ್ನಡ ಸಿಕ್ಕಿತು. ಫುಲ್ ಆಗಿದ್ದ ಕನ್ನಡದಲ್ಲಿ ಜಾಗ ಹೇಗೆ ಹುಟ್ಟಿತೋ ದೇವರಿಗೇ ಗೊತ್ತು. ಪುರಾತತ್ವದಲ್ಲಿ ಉಳಿದವರು ಒಂದು ಬೆಂಚಿಗೂ ಸಾಲಲಿಲ್ಲ. ವಿಷಯ ಮುಚ್ಚಿದರು. ಮೇಡಂ ಆ ವರ್ಷ ಉಳಿದಷ್ಟು ಇತಿಹಾಸದ ತಾಸುಗಳನ್ನು ಹೇಳಿದರು. ವಾರದಲ್ಲಿ ಎರಡು ದಿನವಷ್ಟೇ ಬರತೊಡಗಿದರು. ಬಂದಾಗ ಬೈಯುವುದನ್ನು ಮಾತ್ರ ಕಡಿಮೆ ಮಾಡಲಿಲ್ಲ.

ಮುಂದಿನ ಜೂನಿನಲ್ಲಿ ಅವರನ್ನು ಕರೆಯಲಿಲ್ಲ. ನಾವು ಹೋಗಿ ಕೇಳಿದೆವು. "ಕಾರ್ಯಭಾರ ಇಲ್ಲ," ಎಂದರು. ಅದೇ ವರ್ಷ ಇತಿಹಾಸಕ್ಕೆ ಬೇರೊಬ್ಬರು ಬಂದರು. ಅವರು ಒಳ್ಳೆಯವರು, ಉಳಿದ ಎರಡು ವರ್ಷವೂ ಗೈಡು ಓದಿ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೃದು ಮಾತಿನಲ್ಲಿ ಒಬ್ಬ ಹೆಣ್ಣುಮಗಳ ಅನ್ನ ಕಿತ್ತುಕೊಂಡು, ಸಂಜೆ ಹೋಗಿ ಮಠದಲ್ಲಿ ದಾಸೋಹದ ಬಗ್ಗೆ ಭಾಷಣ ಮಾಡುವವರ ಮೇಲೆ ಸಿಟ್ಟಿದೆ.

ಕರೆಯದಿದ್ದರೂ ಮೇಡಂ ಬಂದರು. ಆ ಜೂನಿನಲ್ಲಿ ಪ್ರವೇಶ ನಡೆದಿದ್ದಾಗ, ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತು, ಒಳಗೆ ಹೋಗುವ ಹುಡುಗ ಹುಡುಗಿಯರನ್ನು ತಡೆದು ಕೇಳುತ್ತಿದ್ದರು. ಮುಂದ ಏನ ಆಗೂದೈತಿ? ಯಾವ ವಿಷಯ ಬರದೀ? ತೋರಸು. ಕೆಲವರು ಹುಚ್ಚಿ ಎಂದುಕೊಂಡು ಸರಿದು ಹೋದರು. ಬಹಳ ಜನ ನಿಂತು ಕೇಳಿದರು. ಗೇಟಿನ ಕಾವಲುಗಾರ ಬಂದು ತಲೆ ಕೆರೆಯುತ್ತ, "ಮೇಡಂ, ಸಾಹೇಬ್ರು ನಿಮಗ ಇಲ್ಲಿಂದ ಸರದ ಹೋಗ್ರಿ ಅಂತ ಹೇಳ್ಯಾರ್ರಿ," ಎಂದ.

"ಗೇಟ ನಿಮ್ಮ ಸಾಹೇಬ್ರದು. ರಸ್ತೆ ಯಾರದಪಾ?"

"ನಗರಸಭೆದ್ರಿ."

"ಹಂಗಾರ ನಗರಸಭೆಯವರ ಬಂದ್ ಹೇಳ್ಲಿ."

ಪ್ರವೇಶ ಮುಗಿಯುವ ತನಕ ನಿಂತರು. ಆಮೇಲೆ ಗೋಕಾಕದಲ್ಲಿ ಅವರನ್ನು ನಾನು ನೋಡಲಿಲ್ಲ.

ಹುಕ್ಕೇರಿಯ ಕಡೆಯ ಖಾಸಗಿ ಸಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದಾರೆಂದು ತಿಳಿಯಿತು. ಸರ್ಕಾರಿ ನೇಮಕಾತಿ ಬಂದಾಗ ಅವರ ವಯಸ್ಸು ಮೀರಿತ್ತು. ಸವಿತಾ ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆದಳು. ನಾನೂ ಮೂಡಲಗಿಯ ಕಡೆ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಎರಡು ವರ್ಷದ ಹಿಂದೆ ಹುಕ್ಕೇರಿಯ ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಸಿಕ್ಕರು. ಬಹಳ ಸೊರಗಿದ್ದರು, ಸೆರಗು ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ. ಆರಾಮ ಇಲ್ಲೇನ್ರಿ ಎಂದು ಕೇಳಿದರೆ, "ಅದನ್ನ ಬಿಡು. ರಜಾ ಹಾಕಿದ್ರ ಪಗಾರ ಹಿಡೀತಾರ, ಬ್ಯಾಸಗಿ ಸೂಟಿಗೆ ಡಾಕ್ಟರಿಗೆ ತೋರಿಸ್ತೇನಿ," ಎಂದು ಕೈ ಬೀಸಿ ಹೊಸದೊಂದು ಸಿಟ್ಟು ತೆಗೆದರು.

"ಈಗೆಲ್ಲ ಆನ್‌ಲೈನ್ ಆಗೈತೆಲ್ಲ. ಹುಡುಗ್ರು ಸೈಬರ್ ಅಂಗಡಿಗೆ ಹೋಗಿ ಫಾರ್ಮ್ ತುಂಬಸ್ತಾವ. ಆ ಅಂಗಡಿಯವ ತನ್ನ ಮೊಬೈಲ್ ನಂಬರ ಹಾಕ್ತಾನ. ಮೆಸೇಜ್ ಬರೂದು ಅವಂಗ. ಸ್ಕಾಲರ್‌ಶಿಪ್ ತಿರಸ್ಕಾರ ಆಗಿದ್ದು ಹುಡುಗಗ ಗೊತ್ತ ಆಗೂದಿಲ್ಲ. ನಿಮ್ಮ ಕಾಲೇಜಿನ್ಯಾಗ ಹೇಳೀಯೇನು ನೀ?"

"ಹೇಳ್ತೇನ್ರಿ ಮೇಡಂ."

"ಯಾವಾಗ?"

"ಸೋಮವಾರ್ರಿ."

"ನಾಳೆ ಹೇಳು," ಎಂದು ಬಸ್ ಹತ್ತಿದರು.

ಸೂಟಿಯ ತನಕ ಕಾಯ್ದದ್ದು ತಡವಾಗಿತ್ತು. ಬೆಳಗಾವಿಯ ಡಾಕ್ಟರು ಹಾಗೆಂದರಂತೆ.

ತೀರಿದ ದಿನ ಸವಿತಾ ಫೋನ್ ಮಾಡಿದಳು. ಇಬ್ಬರೂ ಕೂಡಿ ಹುಕ್ಕೇರಿಗೆ ಹೋದೆವು. ಅಂಗಳದಲ್ಲಿ ಮೇಡಮ್ಮರನ್ನು ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು. ಬಾಯಿ ಮುಚ್ಚಿತ್ತು. ಆ ಬಾಯಿ ಮುಚ್ಚಿದ್ದನ್ನು ನೋಡಲಿಕ್ಕೆ ನನಗಾಗಲಿಲ್ಲ. ಅವರ ಅಣ್ಣ, ತಲೆಗೆ ಬಿಳಿ ಪಟಕಾ ಸುತ್ತಿದ ರೈತ, ಕಂಬಕ್ಕೆ ಆತು ಕೂತಿದ್ದ. ಅಳುತ್ತಿರಲಿಲ್ಲ.

ಒಂದು ಕಾರು ಬಂದು ನಿಂತಿತು. ಪ್ರಿನ್ಸಿಪಾಲರು ಇಳಿದರು. ಈಗ ನಿವೃತ್ತರು, ಕೂದಲು ಪೂರ್ತಿ ಬೆಳ್ಳಗೆ. ಸಫಾರಿ ಅದೇ. ಹಾರ ಹಾಕಿದರು, ಕೈ ಮುಗಿದರು. ಜನ ಜಾಗ ಬಿಟ್ಟರು. ಯಾರೋ ಊರ ಹಿರಿಯರು, "ಸಾಹೇಬ್ರ, ನಾಲ್ಕ ಮಾತ ಆಡ್ರಿ," ಎಂದರು. ಅವರು ಆಡಿದರು, ಅದೇ ಮೃದು ದನಿಯಲ್ಲಿ.

"ಮೇಡಮ್ಮರು ನಮ್ಮ ಕಾಲೇಜಿನ ಮನೆಮಗಳಾಗಿದ್ದರು. ಬಹಳ ಶಾಂತ ಸ್ವಭಾವ. ಎಂದೂ ಯಾರಿಗೂ ಎದುರಾಡಿದವರಲ್ಲ. ತಮ್ಮ ವೈಯಕ್ತಿಕ ಕಾರಣಗಳಿಂದ ಕಾಲೇಜು ಬಿಟ್ಟರು. ನಾವು ಎಷ್ಟು ಒತ್ತಾಯ ಮಾಡಿದರೂ..."

"ಸರ್, ನಿಲ್ಲಸ್ರಿ."

ಸವಿತಾ ಎದ್ದು ನಿಂತಿದ್ದಳು. ನಾನು ಅವಳ ಕೈ ಹಿಡಿದೆ, ಬಿಡಿಸಿಕೊಂಡಳು.

"ಅವರು ಕಾಲೇಜ ಬಿಟ್ಟಿಲ್ರಿ. ನೀವು ಬಿಡಿಸೀರಿ."

ಊರ ಹಿರಿಯರು, "ಏ ತಂಗಿ, ಸಾವಿನ ಮನ್ಯಾಗ ಇದೆಲ್ಲ ಬ್ಯಾಡ," ಎಂದರು.

"ಸಾವಿನ ಮನ್ಯಾಗ ಸುಳ್ಳೂ ಬ್ಯಾಡ್ರಿ ಕಾಕಾ."

ಆಮೇಲೆ ಎಲ್ಲವನ್ನೂ ಹೇಳಿದಳು. ಗಡಿಬಿಡಿಯಿಲ್ಲದೆ, ಕ್ಲಾಸಿನಲ್ಲಿ ಪಾಠ ಹೇಳಿದಂತೆ ಹೇಳಿದಳು. ವಿಷಯ ಹೇಗೆ ಬದಲಿಸಿದರು, ಯಾಕೆ ಬದಲಿಸಿದರು, ಮೇಡಂ ಕಿಟಕಿಯಲ್ಲಿ ಎಷ್ಟು ಹೊತ್ತು ನಿಂತರು, ಅದರಿಂದ ಯಾರ ತಾಸು ಹೋದವು, ಮುಂದಿನ ವರ್ಷ ಯಾರನ್ನು ಕರೆಯಲಿಲ್ಲ. "ಇವತ್ತ ನಾ ಒಬ್ಬ ಟೀಚರ್ ಅದೇನಿ. ನಮ್ಮ ಬ್ಯಾಚಿನ್ಯಾಗ ನನ್ನಂಥವರು ಭಾಳ ಮಂದಿ ಅದಾರ. ಮೇಡಂ ಬಾಯಿ ಮುಚಗೊಂಡ ಕುಂತಿದ್ರ ಅವರ ನೌಕರಿ ಉಳೀತಿತ್ತು, ನಾವ್ಯಾರೂ ಆಗ್ತಿರಲಿಲ್ಲ."

ಪ್ರಿನ್ಸಿಪಾಲರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಡಮ್ಮರ ಅಣ್ಣ ಎದ್ದ. ಅವನ ಪಟಕಾ ಸಡಿಲಾಗಿ ಹೆಗಲ ಮೇಲೆ ಇಳಿದಿತ್ತು.

"ಖರೆ ಏನವಾ ಇದು?" ಎಂದು ಸವಿತಾಳನ್ನು ಕೇಳಿದ.

"ಖರೆ ರಿ. ಈಕಿನೂ ಅಲ್ಲೇ ಇದ್ಲು," ಎಂದು ನನ್ನನ್ನು ತೋರಿಸಿದಳು. ನಾನು ಹೌದೆಂದೆ.

"ನನಗ ಹೇಳಲಿಲ್ಲ ಆಕಿ," ಎಂದ. "ನಾನ ಬಿಟ್ಟ ಬಂದೆ, ದಿನಾ ಓಡಾಡಾಕ ಆಗೂದಿಲ್ಲ ಅಂದ್ಲು. ಅಷ್ಟ ಓದಿಸಿದ್ದು ಹೊಳ್ಯಾಗ ಹಾಕಿದಿ, ಇದ್ದ ನೌಕರಿ ಉಳಿಸಿಕೊಳ್ಳಾಕ ಆಗಲಿಲ್ಲ ನಿನಗ ಅಂತ ಬೈದೆ ನಾ. ಸಾಯೂ ಮಟ ಬೈದೆ. ಒಮ್ಮಿನೂ ತಿರಗಿ ಮಾತಾಡಲಿಲ್ಲ."

ಊರಿಗೆಲ್ಲ ತಿರುಗಿ ಮಾತಾಡಿದ ಹೆಣ್ಣುಮಗಳು. ಬೀಗ ಹಾಕಿದ ಬಾಗಿಲು, ಮುಗಿಯುವ ವಾರ, ಯಾರೂ ಹೇಳದ ನಿಯಮ, ಎಲ್ಲವನ್ನೂ ಎಲ್ಲರಿಗೂ ಬೈದು ಬೈದು ಹೇಳಿದವರು ಇದೊಂದನ್ನು ಮನೆಯಲ್ಲಿ ಹೇಳಿರಲಿಲ್ಲ. ಯಾಕೆ ಎಂದು ನನಗೆ ಈಗಲೂ ಗೊತ್ತಿಲ್ಲ. ಅದಕ್ಕೂ ಸಿಟ್ಟು ಬರುತ್ತದೆ.

ಅಣ್ಣ ಪ್ರಿನ್ಸಿಪಾಲರ ಹತ್ತಿರ ಹೋದ. ಹೊಡೆಯುತ್ತಾನೇನೋ ಎಂದು ಜನ ಮುಂದೆ ಬಂದರು. ಅವನು ಹೊಡೆಯಲಿಲ್ಲ. ತಂಗಿಯ ಕೊರಳಿನಿಂದ ಅವರು ಹಾಕಿದ ಹಾರವನ್ನು ಮಾತ್ರ ಬಿಡಿಸಿ ತೆಗೆದು, ಅವರ ಕೈಗೆ ಕೊಟ್ಟ.

"ಸಾಹೇಬ್ರ, ನೀವಿನ್ನ ಹೊಂಡ್ರಿ."

ಕಾರು ಹೋಯಿತು. ಅಣ್ಣ ತಂಗಿಯ ಮುಂದೆ ನೆಲಕ್ಕೆ ಕೂತ. ಚೆದುರಿದ ಹೂವನ್ನು ಸರಿಮಾಡಿದ, ಜಾರಿದ ಸೆರಗನ್ನು ಎಳೆದು ಹೊದಿಸಿದ. ಆಮೇಲೆ ಅವರ ಮೊಣಕಾಲಿನ ಮೇಲೆ ಕೈಯಿಟ್ಟು, ನಾವೆಲ್ಲ ಅಲ್ಲಿರುವುದನ್ನು ಮರೆತವನಂತೆ, ಸಿಟ್ಟಿನಲ್ಲೇ ಕೇಳಿದ.

"ನನಗಷ್ಟ ಯಾಕ ಹೇಳಲಿಲ್ಲ ನೀ?"